ದೇವನಹಳ್ಳಿಯ ದಾರಿಯಲ್ಲಿ ಕಳಚಿದ ಕೊಂಡಿಗಳು

(ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಾರಿಗೆ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಪ್ರತಿ ಹೊಸ ತರಗತಿಗೂ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ: ವಿಮಾನ ನಿಲ್ದಾಣಕ್ಕೆ ಅತಿ ಹೆಚ್ಚು ಸಲ ಹೋಗುವವರು ಯಾರು? ಹುಡುಗರು ಉತ್ಸಾಹದಿಂದ ಹೇಳುತ್ತಿದ್ದರು: ಸಾಫ್ಟ್‌ವೇರ್ ಕಂಪನಿಗಳ ಹಿರಿಯ ಅಧಿಕಾರಿಗಳು, ವ್ಯಾಪಾರಸ್ಥರು, ಶಾಸಕರು, ಸಿನಿಮಾದವರು. ಸರಿಯಾದ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು. ಅಲ್ಲಿ ನೆಲ ಒರೆಸುವವರು, ಪೆಟ್ಟಿಗೆ ಎತ್ತಿ ಹಾಕುವವರು, ಕಾಫಿ ಸೋಸುವವರು, ಬಂದೂಕು ಹಿಡಿದು ಕಾಯುವವರು, ಕೌಂಟರಿನಲ್ಲಿ ನಗುತ್ತ ನಿಲ್ಲುವ ಹುಡುಗಿಯರು ಎಲ್ಲರಿಗಿಂತ ಹೆಚ್ಚು ಸಲ ಹೋಗುತ್ತಾರೆ. ಅಧಿಕಾರಿ ತಿಂಗಳಿಗೆ ನಾಲ್ಕು ಸಲ ಹೋದರೆ ಇವರು ತಿಂಗಳಿಗೆ ಇಪ್ಪತ್ತಾರು ದಿನ ಹೋಗಿ, ಇಪ್ಪತ್ತಾರು ದಿನ ಹಿಂತಿರುಗುತ್ತಾರೆ. ವಿಮಾನ ನಿಲ್ದಾಣದ ಸಾರಿಗೆಯ ಬಗ್ಗೆ ನಾವು ಮಾತು ಆರಂಭಿಸಬೇಕಾದದ್ದು ಇವರಿಂದ. ಆದರೆ ಸಾಮಾನ್ಯವಾಗಿ ಆರಂಭಿಸುವುದು ಟ್ಯಾಕ್ಸಿಯಿಂದ.

ಇಂದು ನನ್ನ ಮಾತು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಸ್ಸು, ರೈಲು, ಮೆಟ್ರೊಗಳಲ್ಲಿ ಹೋಗಿಬರುವುದನ್ನು ಕುರಿತದ್ದು. 2024-25ರ ಒಂದೇ ಸಾಲಿನಲ್ಲಿ ಅಲ್ಲಿ ಸುಮಾರು 4.18 ಕೋಟಿ ಪ್ರಯಾಣಿಕರ ಓಡಾಟ ನಡೆದಿದೆ. ವಿಮಾನ ಬದಲಿಸಲಷ್ಟೇ ಬಂದವರನ್ನು ಬಿಟ್ಟರೂ ಉಳಿದವರೆಲ್ಲ ಬಳ್ಳಾರಿ ರಸ್ತೆಯ ಮೇಲೋ ಅದರ ಅಕ್ಕಪಕ್ಕದ ದಾರಿಗಳಲ್ಲೋ ಬಂದು ಹೋದವರೇ. ಅವರ ಜೊತೆಗೆ ಬೀಳ್ಕೊಡಲು ಬಂದವರು, ಕರೆದೊಯ್ಯಲು ಬಂದವರು, ನಾನು ಆಗಲೇ ಹೇಳಿದ ನೌಕರರು ಎಲ್ಲರನ್ನೂ ಕೂಡಿಸಿಕೊಳ್ಳಿ.

ಹಿರಿಯರಿಗೆ ಎಚ್‌ಎಎಲ್ ವಿಮಾನ ನಿಲ್ದಾಣ ನೆನಪಿರುತ್ತದೆ. ಇಕ್ಕಟ್ಟಾದ ಜಾಗ, ಹಬ್ಬದ ಸಂತೆಯಂಥ ಗದ್ದಲ. ಆದರೆ ಅದಕ್ಕೊಂದು ಗುಣವಿತ್ತು, ಅದು ಊರೊಳಗೇ ಇತ್ತು. ಮೆಜೆಸ್ಟಿಕ್‌ನಿಂದ ಕಾಡುಗೋಡಿಯ ಕಡೆಗೆ ಹೋಗುವ 335ಇ ಹತ್ತಿ ದಾರಿಯಲ್ಲಿ ಇಳಿದರೆ ಮುಗಿಯಿತು. ಅದೇ ಬಸ್ಸಿನಲ್ಲಿ ತರಕಾರಿ ಚೀಲದವರೂ ಇರುತ್ತಿದ್ದರು, ಮುಂಬಯಿಗೆ ಹಾರುವವರೂ ಇರುತ್ತಿದ್ದರು. ವಿಮಾನ ನಿಲ್ದಾಣಕ್ಕೆಂದು ಬೇರೆ ಬಸ್ಸು ಬೇಕು ಎಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ. 2008ರ ಮೇ ತಿಂಗಳಲ್ಲಿ, ಒಂದು ರಾತ್ರಿ ಕಳೆದು ಬೆಳಗಾಗುವುದರೊಳಗೆ, ವಿಮಾನಗಳೆಲ್ಲ ದೇವನಹಳ್ಳಿಯ ಬಳಿಗೆ ಹೋದವು. ಊರಿನ ನಡುವಿನಿಂದ ಸುಮಾರು 35 ಕಿಲೋಮೀಟರು. ಓಡುದಾರಿ ಸಿದ್ಧವಾಗಿತ್ತು, ಕಟ್ಟಡ ಸಿದ್ಧವಾಗಿತ್ತು, ಹಳಿ ಮಾತ್ರ ಇರಲಿಲ್ಲ. ಎಂ.ಜಿ. ರಸ್ತೆಯ ಬಳಿಯಿಂದ ಅತಿವೇಗದ ರೈಲು ಬಿಡುವ ಯೋಜನೆಯೊಂದು ಕಾಗದದ ಮೇಲೆ ಬಂತು, ವರದಿಗಳಾದವು, ಕೊನೆಗೆ ಅದನ್ನು ಕೈಬಿಟ್ಟರು.

ಅಂದು ಆ ಕೊರತೆಯನ್ನು ಹೆಗಲ ಮೇಲೆ ಹೊತ್ತದ್ದು ಬಿಎಂಟಿಸಿಯ ವಾಯು ವಜ್ರ ಬಸ್ಸುಗಳು. ಇಂದಿಗೂ ಹೊತ್ತಿವೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮೆಟ್ರೊ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕಾಯುತ್ತ ಕುಳಿತ ನಾವು ಕಣ್ಣೆದುರಿಗಿನ ಈ ದೊಡ್ಡ ಆಸ್ತಿಯನ್ನು ಮರೆತಿದ್ದೇವೆ. ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ-8, ಬನಶಂಕರಿಯ ಕಡೆಯಿಂದ, ಕಾಡುಗೋಡಿಯಿಂದ, ಎಚ್‌ಎಸ್‌ಆರ್ ಬಡಾವಣೆಯಿಂದ ಹೀಗೆ ಊರಿನ ನಾಲ್ಕೂ ದಿಕ್ಕಿನಿಂದ ಅವು ಹೊರಡುತ್ತವೆ. ಮುಖ್ಯ ಮಾರ್ಗಗಳಲ್ಲಿ ರಾತ್ರಿಯೂ ಓಡುತ್ತವೆ. ಸಾಮಾನು ಇಡಲು ಜಾಗವಿದೆ, ಮೆಟ್ಟಿಲು ತಗ್ಗಾಗಿದೆ. ಊರಿನಿಂದ ದೂರವಿರುವ ವಿಮಾನ ನಿಲ್ದಾಣಕ್ಕೆ ಮೊದಲ ದಿನದಿಂದ ಬಸ್ಸು ಓಡಿಸಿದ್ದು ಸಣ್ಣ ಕೆಲಸವಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಬೆಳಗಿನ ಐದರ ಹೊತ್ತಿಗೆ, ಊರಿನ ಒಂದು ದೊಡ್ಡ ಬಸ್ ನಿಲ್ದಾಣದಲ್ಲಿ ಇಳಿದಿದ್ದೆ. ಯಾವ ನಿಲ್ದಾಣ ಎಂಬುದು ಇಲ್ಲಿ ಮುಖ್ಯವಲ್ಲ. ಅದೇ ಬಸ್ಸಿನಿಂದ ಕಲಬುರಗಿ ಕಡೆಯ ಹಿರಿಯ ದಂಪತಿ ಇಳಿದರು. ಮಸ್ಕತ್ತಿನಲ್ಲಿರುವ ಮಗಳ ಬಾಣಂತನಕ್ಕೆ ಹೊರಟವರು, ಮೊದಲ ವಿಮಾನ ಪ್ರಯಾಣ. ಎರಡು ದೊಡ್ಡ ಪೆಟ್ಟಿಗೆಗಳಿಗೆ ನೀಲಿ ಪ್ಲಾಸ್ಟಿಕ್ ಹಗ್ಗ ಬಿಗಿದಿದ್ದರು. ಜೊತೆಗೆ ಒಂದು ಸ್ಟೀಲಿನ ಡಬ್ಬ. ಅದರಲ್ಲಿ ಶೇಂಗಾ ಹೋಳಿಗೆ, ಕಟಕ ರೊಟ್ಟಿ, ಅಂಟಿನ ಉಂಡೆ. ಆ ತಾಯಿ ಡಬ್ಬವನ್ನು ಎದೆಗವಚಿ ಹಿಡಿದಿದ್ದರು, ಪೆಟ್ಟಿಗೆಗಳನ್ನು ಬಿಟ್ಟರೂ ಅದನ್ನು ಬಿಡುವ ಹಾಗೆ ಕಾಣಲಿಲ್ಲ. ವಿಮಾನ ನಿಲ್ದಾಣದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಯಜಮಾನರು ಮೂವರನ್ನು ಕೇಳಿದರು. ಒಬ್ಬ ಬಸ್ಸೇ ಇಲ್ಲ ಎಂದ. ಇನ್ನೊಬ್ಬ ಇದೆ, ಆದರೆ ಒಂಬತ್ತು ಗಂಟೆಗೆ ಎಂದ. ಮತ್ತೊಬ್ಬ ಏನೂ ಹೇಳದೆ ಪೆಟ್ಟಿಗೆಗೆ ಕೈ ಹಾಕಿ ತನ್ನ ಗಾಡಿಯ ಕಡೆ ಎಳೆದ.

ಬಸ್ಸು ಅಲ್ಲೇ ಇತ್ತು. ಅವರು ನಿಂತ ಜಾಗದಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಒಂದು ಸುರಂಗ ದಾರಿಯ ಮೆಟ್ಟಿಲಿಳಿದು ಮತ್ತೆ ಮೆಟ್ಟಿಲು ಹತ್ತಿದರೆ, ದೀಪ ಉರಿಸಿಕೊಂಡು, ಅರ್ಧ ಖಾಲಿಯಾಗಿ ನಿಂತಿತ್ತು. ಪೆಟ್ಟಿಗೆಗಳನ್ನು ನಾವು ಮೂವರೂ ಸೇರಿ ಮೆಟ್ಟಿಲಿಳಿಸಿದೆವು. ಅರ್ಧ ದಾರಿಯಲ್ಲಿ ಯಜಮಾನರು ಗೋಡೆಗೆ ಒರಗಿ ಉಸಿರು ತೆಗೆದುಕೊಂಡರು. ಬಸ್ಸಿನ ಕಂಡಕ್ಟರು ಕೆಳಗಿಳಿದು ಬಂದು ಸಾಮಾನು ಜೋಡಿಸಿಕೊಟ್ಟರು, ಯಾವ ಟರ್ಮಿನಲ್ ಎಂದು ಟಿಕೆಟ್ ನೋಡಿ ಹೇಳಿದರು. ಒಳ್ಳೆಯ ಬಸ್ಸು, ಒಳ್ಳೆಯ ಸಿಬ್ಬಂದಿ, ಕೈಗೆಟುಕುವ ದರ. ಆದರೆ ಆ ಇನ್ನೂರು ಹೆಜ್ಜೆಗಳಲ್ಲಿ ಒಂದು ಫಲಕವಿಲ್ಲ, ಒಂದು ಇಳಿಜಾರು ದಾರಿಯಿಲ್ಲ, ಕೇಳಿದರೆ ನಿಜ ಹೇಳುವವರಿಲ್ಲ. ಕಲಬುರಗಿಯಿಂದ ಮಸ್ಕತ್ತಿನವರೆಗಿನ ಆ ಉದ್ದದ ಪ್ರಯಾಣ ತುಂಡಾಗುವುದರಲ್ಲಿದ್ದದ್ದು ಅಷ್ಟು ಜಾಗದಲ್ಲಿ.

ಇದನ್ನೇ ನಾನು ಕೊಂಡಿ ಎಂದು ಕರೆಯುವುದು. ಸರಪಳಿಯ ಬಲ ಅದರ ಕೊಂಡಿಗಳಲ್ಲಿರುತ್ತದೆ. ವಿಮಾನ ನಿಲ್ದಾಣದ ಸಾರಿಗೆ ಎಂದರೆ ನಮ್ಮ ಯೋಜನೆಗಳಲ್ಲಿ ಉದ್ದದ ಗೆರೆಗಳನ್ನು ಎಳೆಯುವುದು: ಇಷ್ಟು ಕಿಲೋಮೀಟರು ಹಳಿ, ಇಷ್ಟು ಕಿಲೋಮೀಟರು ಮೇಲ್ಸೇತುವೆ. ಎರಡು ಗೆರೆಗಳು ಕೂಡುವ ಜಾಗ ಯಾರದೂ ಅಲ್ಲದ ಜಾಗವಾಗಿ ಉಳಿಯುತ್ತದೆ. ಪ್ರಯಾಣಿಕ ಎಡವುವುದು ಅಲ್ಲೇ.

ರೈಲಿನ ಕಥೆಯನ್ನು ನೋಡಿ. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹಳಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾದುಹೋಗುತ್ತದೆ. ನಿಲ್ದಾಣ ಕಟ್ಟುವ ಮೊದಲೂ ಆ ಹಳಿ ಅಲ್ಲಿತ್ತು. ಆದರೂ ರೈಲು ಅಲ್ಲಿ ನಿಲ್ಲಲು 2021ರ ಜನವರಿಯವರೆಗೆ ಕಾಯಬೇಕಾಯಿತು. ಆಗ ಹಾಲ್ಟ್ ನಿಲ್ದಾಣವೊಂದು ತೆರೆಯಿತು. ಟಿಕೆಟ್ ಬೆಲೆ ಒಂದು ಲೋಟ ಕಾಫಿಯ ಬೆಲೆಯಷ್ಟೇ. ಊರೆಲ್ಲ ಸಂಭ್ರಮಪಟ್ಟಿತು, ನಾನೂ ಪಟ್ಟೆ. ಮೊದಲ ವಾರಗಳಲ್ಲೇ ಹೋಗಿ ಬಂದೆ. ಚಿಕ್ಕ ಪ್ಲಾಟ್‌ಫಾರ್ಮು, ಚೊಕ್ಕ ಕಟ್ಟಡ, ಸುತ್ತ ನೀಲಗಿರಿ ಮರಗಳು. ಅಲ್ಲಿಂದ ಟರ್ಮಿನಲ್‌ಗೆ ಇನ್ನೂ ಮೂರು-ನಾಲ್ಕು ಕಿಲೋಮೀಟರು, ಅದಕ್ಕೆ ಶಟಲ್ ಬಸ್ಸು. ಆದರೆ ದಿನಕ್ಕೆ ಬೆರಳೆಣಿಕೆಯ ರೈಲುಗಳು, ಒಂಟಿ ಹಳಿ. ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ವಿಮಾನಕ್ಕೆ ಹೋಗುವವರು ಹಾಗೆ ಕಾಯಲಾರರು, ವಿಮಾನ ಅವರಿಗಾಗಿ ಕಾಯುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಮಾತು ನೆನಪಾಗುತ್ತದೆ. ಹಳಿ ಇದ್ದಾಗ ನಿಲುಗಡೆ ಇರಲಿಲ್ಲ, ನಿಲುಗಡೆ ಬಂದಾಗ ರೈಲುಗಳಿಲ್ಲ.

ಇದಕ್ಕೆ ಪರಿಹಾರವೆಂದು ಉಪನಗರ ರೈಲು ಯೋಜನೆಯಲ್ಲಿ ಸಂಪಿಗೆ ಮಾರ್ಗವನ್ನು ಸೇರಿಸಿದರು. ನಾಲ್ಕು ಮಾರ್ಗಗಳು, ನಾಲ್ಕು ಹೂವಿನಂಥ ಹೆಸರುಗಳು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಒಟ್ಟು 148 ಕಿಲೋಮೀಟರು, 15,767 ಕೋಟಿ ರೂಪಾಯಿ ಅಂದಾಜು. ಸಂಪಿಗೆ ಮಾರ್ಗ ಬೆಂಗಳೂರು ನಗರ ನಿಲ್ದಾಣದಿಂದ ಯಲಹಂಕದ ಮೂಲಕ ದೇವನಹಳ್ಳಿಗೆ, 41 ಕಿಲೋಮೀಟರಿಗೆ ತುಸು ಹೆಚ್ಚು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ನಲವತ್ತು ತಿಂಗಳ ಗಡುವಿನ ಮಾತು ಕೇಳಿಬಂದಿತ್ತು. ಆ ಗಡುವು ಮುಗಿದಿದೆ. ಮಲ್ಲಿಗೆ, ಕನಕ ಮಾರ್ಗಗಳ ಕೆಲಸ ಮೊದಲು ಕೈಗೆತ್ತಿಕೊಂಡರು, ಸಂಪಿಗೆ ಹಿಂದೆ ಉಳಿಯಿತು. ವಿಮಾನ ನಿಲ್ದಾಣಕ್ಕೆ ಮೆಟ್ರೊ ಬರುತ್ತದಲ್ಲ, ರೈಲೂ ಏಕೆ ಎಂದು ಕೇಳುವವರಿದ್ದಾರೆ. ಎರಡರ ಕೆಲಸ ಬೇರೆ. ಮೆಟ್ರೊ ಊರೊಳಗಿನವರಿಗೆ. ರೈಲು ತುಮಕೂರು, ಮಂಡ್ಯ, ಮೈಸೂರಿನಿಂದ ಬೆಂಗಳೂರು ನಗರ ನಿಲ್ದಾಣದಲ್ಲಿ ಇಳಿದವರಿಗೆ. ಅವರಿಗೆ ಪ್ಲಾಟ್‌ಫಾರ್ಮು ಬದಲಿಸಿ ಇನ್ನೊಂದು ರೈಲು ಹತ್ತುವಷ್ಟು ಸುಲಭದ್ದು ಬೇರೊಂದಿಲ್ಲ. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರವಾಗಿ ಟರ್ಮಿನಲ್‌ಗೆ ಬರುತ್ತದೆ, ಜನ ಅದನ್ನು ಮೆಚ್ಚಿಕೊಂಡಿದ್ದಾರೆ. ಮೆಚ್ಚಿಕೊಂಡ ಕಾರಣವೇ ಅದು, ನಡುವೆ ಎಲ್ಲೂ ಇಳಿದು ಹತ್ತಬೇಕಿಲ್ಲ.

ಇನ್ನು ಮೆಟ್ರೊ. ಈಗ ಕಟ್ಟುತ್ತಿರುವ ನೀಲಿ ಮಾರ್ಗ ಸೆಂಟ್ರಲ್ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ನಾಗವಾರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಬರುತ್ತದೆ. ಒಟ್ಟು ಸುಮಾರು 58 ಕಿಲೋಮೀಟರು. ಕೇಂದ್ರ ಸಚಿವ ಸಂಪುಟ 2021ರ ಏಪ್ರಿಲ್‌ನಲ್ಲಿ 14,788 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊದಲ ನಕ್ಷೆಯಲ್ಲಿ ಮಾರ್ಗ ನಾಗವಾರದಿಂದ ನೇರ ಜಕ್ಕೂರಿನ ಕಡೆ ಹೋಗಬೇಕಿತ್ತು. ನೆಲದಡಿಯ ಪೆಟ್ರೋಲಿಯಂ ಕೊಳವೆ ಅಡ್ಡ ಬಂದದ್ದರಿಂದ ಹೆಬ್ಬಾಳದ ಕಡೆ ತಿರುಗಿಸಿದರು. ತಡವಾದದ್ದು ನಿಜ, ಆದರೆ ತಿರುಗಿಸಿದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಹೆಬ್ಬಾಳದ ಮಾತಿಗೆ ಆಮೇಲೆ ಬರುತ್ತೇನೆ.

ಮೆಟ್ರೊ ಬೇಕೇ ಬೇಕು. ಅದರಲ್ಲಿ ಎರಡನೆಯ ಮಾತಿಲ್ಲ. ಆದರೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಒಂದು ಲೆಕ್ಕ ಹಾಕೋಣ. ನಮ್ಮ ಮೆಟ್ರೊ ಸಾಮಾನ್ಯವಾಗಿ ಬೆಳಗ್ಗೆ 5 ಗಂಟೆಗೆ ಆರಂಭವಾಗುತ್ತದೆ, ಭಾನುವಾರ 7 ಗಂಟೆಗೆ. 2025ರ ಜನವರಿಯಿಂದ ಸೋಮವಾರ ಮಾತ್ರ 4.15ಕ್ಕೆ ಹೊರಡುವಂತೆ ಮಾಡಿದರು. ವಾರಾಂತ್ಯಕ್ಕೆ ಊರಿಗೆ ಹೋಗಿ ಹಿಂತಿರುಗುವವರಿಗಾಗಿ ಮಾಡಿದ ಒಳ್ಳೆಯ ಬದಲಾವಣೆ ಅದು. ನಿಲುಗಡೆಗಳೂ ಸೇರಿ ಗಂಟೆಗೆ 35 ಕಿಲೋಮೀಟರಿನ ಸರಾಸರಿ ವೇಗ ಹಿಡಿದರೆ ಸಿಲ್ಕ್ ಬೋರ್ಡ್‌ನಲ್ಲಿ ಐದಕ್ಕೆ ಹತ್ತಿದವರು ಟರ್ಮಿನಲ್ ತಲುಪುವಾಗ ಆರೂವರೆ ದಾಟಿರುತ್ತದೆ. ಎಂಟು ಗಂಟೆಗಿಂತ ಮೊದಲಿನ ವಿಮಾನ ಅವರಿಗೆ ಸಿಗುವುದಿಲ್ಲ. ಬೆಂಗಳೂರಿನಿಂದ ವಿಮಾನಗಳು ಸಾಲುಗಟ್ಟಿ ಹೊರಡುವುದು ಯಾವಾಗ? ಐದರಿಂದ ಎಂಟರ ನಡುವೆ. ದೂರದ ದೇಶಗಳಿಗೆ ಹೋಗುವ ಅನೇಕ ವಿಮಾನಗಳು ಹಾರುವುದು ಮಧ್ಯರಾತ್ರಿಯಿಂದ ನಸುಕಿನವರೆಗೆ. ರಾತ್ರಿ ಹನ್ನೊಂದೂವರೆಗೆ ದೆಹಲಿಯಿಂದ ಬಂದಿಳಿದವರಿಗೆ ಕೊನೆಯ ರೈಲು ಸಿಗುತ್ತದೆಯೇ? ಅಂದರೆ ಈಗಿನ ವೇಳಾಪಟ್ಟಿಯನ್ನೇ ನೀಲಿ ಮಾರ್ಗಕ್ಕೂ ಹಾಕಿದರೆ ವಿಮಾನ ನಿಲ್ದಾಣ ಎಚ್ಚರವಾಗಿರುವ ಹೊತ್ತಿನಲ್ಲಿ ಮೆಟ್ರೊ ಮಲಗಿರುತ್ತದೆ.

ಹಳಿಗಳ ನಿರ್ವಹಣೆಗೆ ರಾತ್ರಿಯ ಕೆಲವು ಗಂಟೆ ಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ಲಂಡನ್ನಿನ ಹೀಥ್ರೂಗೆ ಭೂಗತ ರೈಲು 1977ರಲ್ಲೇ ಬಂತು. ವಾರದ ಹೆಚ್ಚಿನ ರಾತ್ರಿಗಳಲ್ಲಿ ಅದೂ ನಿಲ್ಲುತ್ತದೆ. ಆದರೆ ಅದು ನಿಂತ ಹೊತ್ತಿನಲ್ಲಿ ಎನ್9 ಎಂಬ ರಾತ್ರಿ ಬಸ್ಸು ಹೀಥ್ರೂದಿಂದ ಊರಿನ ನಡುವಿಗೆ ಓಡುತ್ತದೆ. ರೈಲು ಬಂತೆಂದು ಅವರು ಬಸ್ಸನ್ನು ಮನೆಗೆ ಕಳುಹಿಸಲಿಲ್ಲ. ನನಗಿರುವ ದೊಡ್ಡ ಆತಂಕ ಇದೇ. ಮೆಟ್ರೊ ಉದ್ಘಾಟನೆಯಾದ ಮರುವರ್ಷ ಯಾರಾದರೂ ಲೆಕ್ಕದ ಪುಸ್ತಕ ತೆರೆದು, ವಾಯು ವಜ್ರದಿಂದ ನಷ್ಟ, ಹೇಗೂ ಮೆಟ್ರೊ ಇದೆಯಲ್ಲ ಎಂದು ರಾತ್ರಿಯ ಬಸ್ಸುಗಳನ್ನು ಒಂದೊಂದಾಗಿ ಕಡಿಮೆ ಮಾಡಿದರೆ? ಹಾಗಾಗಬಾರದು. ಮೆಟ್ರೊ ಆರಂಭವಾಗುವ ದಿನವೇ ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗಿನ ಬಸ್ಸುಗಳ ವೇಳಾಪಟ್ಟಿಯೂ ಪ್ರಕಟವಾಗಬೇಕು. ಅದೂ ನೆನಪಿಡಲು ಸುಲಭವಾಗಿರಬೇಕು: ಪ್ರತಿ ಗಂಟೆಗೆ ಸರಿಯಾಗಿ ಒಂದು, ಅರ್ಧ ಗಂಟೆಯ ಮೇಲೆ ಇನ್ನೊಂದು. ನನ್ನ ತಾಯಿಗೆ ಊರಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಮೊಬೈಲ್ ಇಲ್ಲದೆಯೂ ಬಾಯಿಗೆ ಬರುತ್ತಿತ್ತು. ಆ ನಂಬಿಕೆ ಇದ್ದರೆ ಜನ ಬಸ್ಸು ಹತ್ತುತ್ತಾರೆ.

ದರದ ವಿಷಯದಲ್ಲಿ ದೆಹಲಿಯಿಂದ ಕಲಿಯುವುದಿದೆ. ಅಲ್ಲಿನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ 2011ರ ಫೆಬ್ರುವರಿಯಲ್ಲಿ ಆರಂಭವಾಯಿತು. ನವದೆಹಲಿ ರೈಲು ನಿಲ್ದಾಣದಿಂದ ಮೂರನೆಯ ಟರ್ಮಿನಲ್‌ಗೆ ಇಪ್ಪತ್ತು ನಿಮಿಷದ ಆಸುಪಾಸು. ಸಾಮಾನಿಡಲು ಕಪಾಟು, ಊರಿನ ನಿಲ್ದಾಣದಲ್ಲೇ ಚೆಕ್-ಇನ್. ಇಷ್ಟಿದ್ದೂ ಆರಂಭದಲ್ಲಿ ಅಂದುಕೊಂಡಷ್ಟು ಜನ ಹತ್ತಲಿಲ್ಲ. 2012ರಲ್ಲಿ ಸೇತುವೆಯ ಭಾಗಗಳಲ್ಲಿ ದೋಷ ಕಂಡು ಆರು ತಿಂಗಳು ನಿಂತಿತು. 2013ರಲ್ಲಿ ಖಾಸಗಿ ಪಾಲುದಾರ ಬಿಟ್ಟುಹೋದ ಮೇಲೆ ದೆಹಲಿ ಮೆಟ್ರೊ ನಿಗಮವೇ ಅದನ್ನು ವಹಿಸಿಕೊಂಡಿತು. ನಂತರ ಎರಡು ಸಲ ದರ ಇಳಿಸಿದರು, 2015ರಲ್ಲಿ ಗರಿಷ್ಠ ದರ 60 ರೂಪಾಯಿಗೆ ಬಂತು. ಪ್ರಯಾಣಿಕರು ಹೆಚ್ಚಿದರು. ವಿಮಾನ ನಿಲ್ದಾಣಕ್ಕೆ ಹೋಗುವವರೆಲ್ಲ ಹಣವಂತರು, ಎಷ್ಟು ಹೇಳಿದರೂ ಕೊಡುತ್ತಾರೆ ಎಂಬ ಎಣಿಕೆ ಅಲ್ಲಿ ತಲೆಕೆಳಗಾಯಿತು. ನಮ್ಮಲ್ಲಿ 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ ಗರಿಷ್ಠ 90 ರೂಪಾಯಿಯಾಗಿದೆ. ವಿಮಾನ ನಿಲ್ದಾಣದ ನಿಲ್ದಾಣಗಳಿಗೆಂದು ಇದರ ಮೇಲೆ ಪ್ರತ್ಯೇಕ ಹೊರೆ ಹಾಕುವ ಯೋಚನೆ ಬಂದರೆ ನಾವು ಈಗಲೇ ಬೇಡ ಎನ್ನಬೇಕು. ನೌಕರರಿಗೆ ತಿಂಗಳ ಪಾಸು ಸಿಗಬೇಕು.

ಪಾಸಿನ ಮಾತು ಬಂತು. ಮತ್ತೆ ಆ ನೆಲ ಒರೆಸುವ ತಾಯಂದಿರ ಕಡೆಗೆ ಬರೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಹವಾನಿಯಂತ್ರಿತ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ, ವಾಯು ವಜ್ರಕ್ಕೂ ಅನ್ವಯಿಸುವುದಿಲ್ಲ. ದೇವನಹಳ್ಳಿಯ ಕಡೆ ಹೋಗುವ ಸಾಮಾನ್ಯ ಬಸ್ಸುಗಳು ಹೆದ್ದಾರಿಯಲ್ಲೇ ನೇರ ಸಾಗುತ್ತವೆ. ಬೆಳಗಿನ ಜಾವ ವಿಮಾನ ನಿಲ್ದಾಣಕ್ಕೆ ಹತ್ತಿರದ ಸಾದಹಳ್ಳಿಯ ಕಡೆ ಹೋದರೆ ಕಾಣುತ್ತದೆ: ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡ ಹೆಂಗಸರು ಬಸ್ಸಿಳಿದು, ಸೀರೆಯ ಸೆರಗನ್ನೋ ದುಪಟ್ಟಾವನ್ನೋ ಕಿವಿಗೆ ಸುತ್ತಿಕೊಂಡು, ಟಿಫಿನ್ ಡಬ್ಬಿಯ ಚೀಲವನ್ನು ಕೈಯಲ್ಲಿ ತೂಗಾಡಿಸುತ್ತ, ಪಕ್ಕದ ರಸ್ತೆಯ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುತ್ತಾರೆ. ಪಕ್ಕದಲ್ಲೇ ಕಾರುಗಳು ಗಂಟೆಗೆ ಎಂಬತ್ತು ಕಿಲೋಮೀಟರಿನಲ್ಲಿ ಹೋಗುತ್ತಿರುತ್ತವೆ. ಈ ಹೆಂಗಸರಿಗೆ ಬೇಕಾದದ್ದು ಹವಾನಿಯಂತ್ರಿತ ಬಸ್ಸಲ್ಲ. ಸಾಮಾನ್ಯ ದರದ, ಶಕ್ತಿ ಚೀಟಿ ನಡೆಯುವ ಬಸ್ಸು ಕೆಲಸದ ಪಾಳಿಯ ಹೊತ್ತಿಗೆ ಟರ್ಮಿನಲ್‌ನ ಹಿಂಬಾಗಿಲವರೆಗೆ ಹೋಗಬೇಕು. ಅದಕ್ಕೆ ಸೇತುವೆ ಬೇಡ, ಸುರಂಗ ಬೇಡ, ಸಾವಿರಾರು ಕೋಟಿ ಬೇಡ.

ಬಸ್ಸಿನಿಂದಲೇ ದೊಡ್ಡ ಕೆಲಸ ಆಗುತ್ತದೆ ಎಂದರೆ ಕೆಲವರು ನಂಬುವುದಿಲ್ಲ. ನ್ಯೂಯಾರ್ಕ್‌ನ ಲಗಾರ್ಡಿಯಾ ವಿಮಾನ ನಿಲ್ದಾಣಕ್ಕೆ ಏರ್‌ಟ್ರೇನ್ ಕಟ್ಟುವ ಯೋಜನೆ ವರ್ಷಗಟ್ಟಲೆ ನಡೆಯಿತು. ವೆಚ್ಚದ ಅಂದಾಜು ಏರುತ್ತಲೇ ಹೋಗಿ ಇನ್ನೂರು ಕೋಟಿ ಡಾಲರುಗಳನ್ನು ದಾಟಿತು. ಆ ರೈಲು ಪ್ರಯಾಣಿಕರನ್ನು ಮೊದಲು ಊರಿಗೆ ಬೆನ್ನು ಮಾಡಿ ಒಯ್ದು, ಅಲ್ಲಿಂದ ಬೇರೆ ರೈಲು ಹತ್ತಿಸುವಂತಿತ್ತು. 2023ರಲ್ಲಿ ತಜ್ಞರ ಸಲಹೆ ಕೇಳಿ ಅದನ್ನು ಕೈಬಿಟ್ಟರು, ಬಸ್ಸುಗಳನ್ನೇ ಉತ್ತಮಪಡಿಸಲು ನಿರ್ಧರಿಸಿದರು. ಅದಕ್ಕೂ ಮೊದಲೇ, 2022ರಿಂದ, ಅಲ್ಲಿನ ಕ್ಯೂ70 ಬಸ್ಸು ಉಚಿತವಾಗಿದೆ. ಅಷ್ಟು ಶ್ರೀಮಂತ ಊರು ಬಸ್ಸು ಸಾಕು ಎನ್ನಲು ನಾಚಲಿಲ್ಲ. ನಮಗೆ ರೈಲು ಬೇಡವೆಂದು ನಾನು ಹೇಳುತ್ತಿಲ್ಲ. ಅವರ ವಿಮಾನ ನಿಲ್ದಾಣ ಊರಿನೊಳಗಿದೆ, ನಮ್ಮದು 35 ಕಿಲೋಮೀಟರು ಆಚೆ. ಆದರೆ ರೈಲು ಬರುವವರೆಗೂ, ಬಂದ ಮೇಲೂ, ಬಸ್ಸನ್ನು ಗೌರವದಿಂದ ನಡೆಸಬಹುದು.

ಗೌರವ ಎಂದರೆ ದಾರಿ ಬಿಡುವುದು. ನಲವತ್ತು ಜನರಿರುವ ಬಸ್ಸು, ಒಬ್ಬರಿರುವ ಕಾರಿನ ಹಿಂದೆ ಮೇಖ್ರಿ ವೃತ್ತದಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಪಥ ಮಾಡಿದ್ದರು, ನಿಮಗೆ ನೆನಪಿರಬಹುದು. ನಾನು ಆ ಪಥದಲ್ಲಿ ಕುಳಿತು ಹೋಗಿದ್ದೇನೆ. ಪಕ್ಕದಲ್ಲಿ ಕಾರುಗಳ ಸಾಲು ನಿಂತಿರುವಾಗ ಬಸ್ಸು ಸರಾಗವಾಗಿ ಸರಿದುಹೋಗುವುದನ್ನು ಕಂಡು ಬಸ್ಸಿನೊಳಗೆ ಜನ ಎದ್ದು ನಿಂತು ನೋಡುತ್ತಿದ್ದರು. ಆಮೇಲೆ ಕೋವಿಡ್ ಬಂತು, ಮೆಟ್ರೊ ಕಾಮಗಾರಿ ಬಂತು, ಪಥ ಕಾಣೆಯಾಯಿತು. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳು 2018ರಿಂದ ತಮ್ಮದೇ ಪಥದಲ್ಲಿ ಓಡುತ್ತಿವೆ. ಅದರ ಬಗ್ಗೆ ತಕರಾರುಗಳೂ ಇವೆ, ಆದರೆ ಬಸ್ಸಿಗೊಂದು ದಾರಿ ಎಂಬುದು ಕರ್ನಾಟಕಕ್ಕೆ ಹೊಸದಲ್ಲ ಎಂದು ಹೇಳಲು ಅಷ್ಟು ಸಾಕು. ಬಳ್ಳಾರಿ ರಸ್ತೆಯಲ್ಲಿ ಅದನ್ನು ಮಾಡಿ ನೋಡುವ ಧೈರ್ಯ ಬೇಕು.

ಈ ರಸ್ತೆಯ ಇತಿಹಾಸದಲ್ಲಿ ನಾವು ಹೆಮ್ಮೆಪಡುವ ಒಂದು ಅಧ್ಯಾಯವಿದೆ. 2016ರ ಅಕ್ಟೋಬರ್‌ನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ ಸಾವಿರಾರು ಜನ ಕೈಕೈ ಹಿಡಿದು ಸರಪಳಿಯಾಗಿ ನಿಂತೆವು. ಎಂಟುನೂರಕ್ಕೂ ಹೆಚ್ಚು ಮರಗಳು ಹೋಗುವುದಿತ್ತು. ಮುಂದಿನ ವರ್ಷ ಸರ್ಕಾರ ಯೋಜನೆಯನ್ನು ಹಿಂತೆಗೆದುಕೊಂಡಿತು. ಅದೇ ಹುರುಪಿನಲ್ಲಿ ಚುಕುಬುಕು ರೈಲು, ಅಂದರೆ ಉಪನಗರ ರೈಲು, ಬೇಕು ಎಂಬ ಕೂಗೂ ಎದ್ದಿತು. ಬೇಡ ಎಂದದ್ದು ಬೇಗ ಫಲಿಸಿತು. ಬೇಕು ಎಂದದ್ದನ್ನು ನಾವು ವರ್ಷ ವರ್ಷವೂ ಹಿಂದೆ ಬಿದ್ದು ಕೇಳಲಿಲ್ಲ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಕಾರುಗಳ ಸುರಂಗದ ಮಾತು ಜೋರಾಗಿದೆ. ಕಾರಿಗೆ ನೆಲದಡಿಯಲ್ಲೂ ದಾರಿ ಹುಡುಕುವ ನಾವು ಬಸ್ಸಿಗೆ ನೆಲದ ಮೇಲಿನ ಒಂದು ಪಥ ಕೊಡಲು ಹಿಂಜರಿಯುತ್ತೇವೆ. ಇದು ನನಗೆ ನೋವು ತರುತ್ತದೆ.

ಈಗ ಹೆಬ್ಬಾಳ. ನೀಲಿ ಮಾರ್ಗ ಅಲ್ಲಿ ಬರುತ್ತದೆ. ಉಪನಗರ ರೈಲಿನ ಮಲ್ಲಿಗೆ ಮಾರ್ಗ ಅಲ್ಲಿ ಹಾದುಹೋಗುತ್ತದೆ. 2024ರಲ್ಲಿ ಒಪ್ಪಿಗೆ ಪಡೆದ ಮೂರನೆಯ ಹಂತದ ಮೆಟ್ರೊ ಜೆ.ಪಿ. ನಗರದಿಂದ ಬಂದು ಪಕ್ಕದ ಕೆಂಪಾಪುರದಲ್ಲಿ ಮುಗಿಯುತ್ತದೆ. ಹೊರವರ್ತುಲ ರಸ್ತೆಯ ಬಸ್ಸುಗಳು, ಬಳ್ಳಾರಿ ರಸ್ತೆಯ ಬಸ್ಸುಗಳು, ಬಳ್ಳಾರಿ-ರಾಯಚೂರು ಕಡೆಯಿಂದ ರಾತ್ರಿ ಓಡಿ ಬಂದ ದೂರದ ಬಸ್ಸುಗಳು ಎಲ್ಲವೂ ಅಲ್ಲೇ. ಇಡೀ ಉತ್ತರ ಬೆಂಗಳೂರಿನ ಕೊಂಡಿಗಳೆಲ್ಲ ಒಂದೇ ಕಡೆ. ಇವನ್ನೆಲ್ಲ ಕೂಡಿಸುವ ನಿಲ್ದಾಣಕ್ಕೆ ಮೆಟ್ರೊ ನಿಗಮ 45 ಎಕರೆ ಜಮೀನು ಕೇಳಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಎಷ್ಟು ಎಕರೆ ಎಂಬುದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ರಾಯಚೂರಿನ ಬಸ್ಸಿಳಿದವರು ಪೆಟ್ಟಿಗೆ ಎತ್ತದೆ, ಗಾಲಿಯ ಮೇಲೆ ಉರುಳಿಸಿಕೊಂಡೇ, ಮಳೆಯಲ್ಲಿ ನೆನೆಯದೆ, ಮೆಟ್ರೊ ಪ್ಲಾಟ್‌ಫಾರ್ಮು ತಲುಪುತ್ತಾರೆಯೇ? ಇವತ್ತಿನ ಹೆಬ್ಬಾಳದಲ್ಲಿ ರಸ್ತೆ ದಾಟುವುದೇ ಹರಸಾಹಸ. ಮೇಲ್ಸೇತುವೆಯ ಕೊಂಬೆಗಳ ನಡುವೆ ಕಾಲ್ನಡಿಗೆಯವರು ಜೀವ ಕೈಯಲ್ಲಿ ಹಿಡಿದು ಓಡುತ್ತಾರೆ. ಯಲಹಂಕದಲ್ಲೂ ಇದೇ ಅಪಾಯ ಕಾಣುತ್ತಿದೆ. ಮೆಟ್ರೊ ನಿಲ್ದಾಣ ಬರುವುದು ಕೋಗಿಲು ಕ್ರಾಸ್ ಬಳಿ, ಹೆದ್ದಾರಿಯ ಮೇಲೆ. ರೈಲ್ವೆ ಜಂಕ್ಷನ್ ಇರುವುದು ಊರಿನ ಇನ್ನೊಂದು ಬದಿಯಲ್ಲಿ. ನಡುವೆ ಐದು ನಿಮಿಷಕ್ಕೊಂದು ಚಿಕ್ಕ ಬಸ್ಸು ಓಡಿಸದಿದ್ದರೆ ಎರಡೂ ಒಂದನ್ನೊಂದು ಕಾಣದ ನೆರೆಮನೆಗಳಾಗುತ್ತವೆ.

ಇಳಿದು ಹತ್ತುವುದರ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ಬಸ್ಸುಗಳನ್ನೂ ಹೆಬ್ಬಾಳಕ್ಕೆ ತಂದು ನಿಲ್ಲಿಸಿ, ಅಲ್ಲಿಂದ ಎಲ್ಲರೂ ಮೆಟ್ರೊ ಹತ್ತಲಿ ಎಂಬ ಸಲಹೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಬರಿಗೈಯಲ್ಲಿ ಬರುವ ನೌಕರರಿಗೆ ಅದು ಸರಿ. ಎರಡು ಪೆಟ್ಟಿಗೆ, ಒಂದು ಮಗು, ಒಂದು ಹೋಳಿಗೆ ಡಬ್ಬ ಇರುವವರಿಗೆ ಒಂದು ಸಲ ಇಳಿದು ಹತ್ತುವುದೂ ಅರ್ಧ ಪ್ರಯಾಣದಷ್ಟು ಭಾರ. ಆದ್ದರಿಂದ ಬನಶಂಕರಿಯ, ಎಲೆಕ್ಟ್ರಾನಿಕ್ ಸಿಟಿಯ ನೇರ ಬಸ್ಸುಗಳು ಉಳಿಯಲೇಬೇಕು.

ಇದನ್ನೆಲ್ಲ ಮಾಡುವವರು ಯಾರು? ಬಸ್ಸು ಬಿಎಂಟಿಸಿಯದು, ಮೆಟ್ರೊ ಒಂದು ನಿಗಮದ್ದು, ಉಪನಗರ ರೈಲು ಕೆ-ರೈಡ್ ಎಂಬ ಕಂಪನಿಯದು, ಹಳಿ ನೈರುತ್ಯ ರೈಲ್ವೆಯದು, ಹೆದ್ದಾರಿ ಕೇಂದ್ರದ ಪ್ರಾಧಿಕಾರದ್ದು, ಟರ್ಮಿನಲ್ ಖಾಸಗಿ ಪಾಲುದಾರಿಕೆಯ ಕಂಪನಿಯದು. ಎಲ್ಲರಿಗೂ ತಮ್ಮ ಗೆರೆ ಗೊತ್ತು. ಕೊಂಡಿಗೆ ಒಡೆಯರಿಲ್ಲ. ಇದಕ್ಕೆಂದೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಬಂದಿದೆ. ಆ ಪ್ರಾಧಿಕಾರಕ್ಕೆ ನಿಜವಾದ ಕೈಕಾಲು ಕೊಟ್ಟು, ವಿಮಾನ ನಿಲ್ದಾಣದ ದಾರಿಯನ್ನೇ ಅದರ ಮೊದಲ ಕೆಲಸವಾಗಿಸಿ ಎಂದು ನಾವು ಕೇಳಬೇಕು. ಒಂದೇ ಟಿಕೆಟ್ಟು, ಒಂದೇ ವೇಳಾಪಟ್ಟಿ, ಎಲ್ಲ ನಿಲ್ದಾಣಗಳಲ್ಲೂ ಒಂದೇ ಬಗೆಯ ಫಲಕ. ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ವಿಮಾನದ ಚಿತ್ರದೊಂದಿಗೆ, ಓದು ಬಾರದವರೂ ನೋಡಿ ನಡೆಯುವಂತೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಬಂದವು. ಹೆಚ್ಚಿನವು ಮೆಟ್ರೊ ಯಾವಾಗ ಎಂಬುದೇ. ಹಿಂದಿನ ಸಾಲಿನಿಂದ ಒಬ್ಬ ಯುವತಿ ಎದ್ದರು. ವಿಮಾನ ನಿಲ್ದಾಣದ ತಿಂಡಿ ಮಳಿಗೆಯೊಂದರಲ್ಲಿ ಕೆಲಸ, ಬೆಳಗಿನ ನಾಲ್ಕರ ಪಾಳಿ.

"ಸರ್, ನೀವು ಹೇಳಿದ್ದೆಲ್ಲ ಬೆಂಗಳೂರಿನಿಂದ ಬರುವ ದಾರಿ. ನನ್ನ ಮನೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ. ವಿಮಾನ ನಿಲ್ದಾಣ ನಮಗೆ ಹತ್ತಿರ. ಆದರೆ ರಾತ್ರಿ ಮೂರು ಗಂಟೆಗೆ ಅಲ್ಲಿಂದ ಏನೂ ಇಲ್ಲದ್ದರಿಂದ ಯಲಹಂಕದಲ್ಲಿ ಮೂವರು ಸೇರಿ ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ನಮ್ಮ ಕಡೆಗೆ ಬಸ್ಸು ಯಾರು ಕೇಳುತ್ತಾರೆ?"

ನಾನು ಗೋಡೆಯ ಮೇಲಿನ ನಕ್ಷೆಯತ್ತ ತಿರುಗಿ ನೋಡಿದೆ. ಎರಡು ವಾರ ಕುಳಿತು ಬಣ್ಣ ಬಣ್ಣದ ಗೆರೆ ಎಳೆದು ಮಾಡಿದ್ದ ನಕ್ಷೆ. ಎಲ್ಲ ಗೆರೆಗಳೂ ದಕ್ಷಿಣದಿಂದ ಬಂದು ಟರ್ಮಿನಲ್‌ನಲ್ಲಿ ನಿಂತಿದ್ದವು. ವಿಜಯಪುರ ಅದರಲ್ಲಿರಲಿಲ್ಲ. ದೊಡ್ಡಬಳ್ಳಾಪುರವೂ ಇರಲಿಲ್ಲ, ಚಿಕ್ಕಬಳ್ಳಾಪುರ ಕಾಗದದ ಅಂಚಿನಿಂದ ಆಚೆ ಉಳಿದಿತ್ತು. ತಪ್ಪಾಗಿದೆ, ಕ್ಷಮಿಸಿ ಎಂದೆ. ಮುಂದೆ ಬಂದು ಗುರುತು ಮಾಡಿ ಎಂದು ಪೆನ್ನು ಕೊಟ್ಟೆ. ಅವರು ಬಂದರು. ಕಾಗದದಲ್ಲಿ ಜಾಗ ಸಾಲದೆ, ಅದರ ಬಲ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಊರಿನ ಹೆಸರು ಬರೆದರು. ಅದರ ಕೆಳಗೆ ಬಸ್ಸು ಹೊರಡಬೇಕಾದ ಹೊತ್ತು: 3 ಗಂಟೆ. ತುಸು ಯೋಚಿಸಿ ಅದನ್ನು ಹೊಡೆದುಹಾಕಿ 2.50 ಎಂದು ತಿದ್ದಿದರು. ಭದ್ರತಾ ತಪಾಸಣೆಯ ಸಾಲಿನಲ್ಲಿ ನಮಗೂ ಹೊತ್ತು ಹಿಡಿಯುತ್ತದೆ ಸರ್, ಎಂದರು.